ಕೋಣಗಳು ಜೊತೆಯಾಗಿ ಮೇಯುವಾಗ

ನಾನು ಐದನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಕಲಿತ ಪದಗಳಲ್ಲಿ 'ಖೈಸರ್' ಕೂಡ ಒಂದು. ಖೈಸರ್ ಎಂದರೆ ರೂಮಿನ ಬಾದಶಹ, ಕಿಸ್ರಾ ಎಂದರೆ ಇರಾನಿನ ಬಾದಶಹ ಎಂದು ಉಸ್ತಾದರು ಹೇಳಿಕೊಟ್ಟಿದ್ದರು. ನಮ್ಮ ಮೊಹಲ್ಲಾದಲ್ಲೂ ಒಬ್ಬ ಖೈಸರ್ ಇದ್ದ, ಸೈಕಲ್ ಪಂಕ್ಚರ್ ಹಾಕುತ್ತಿದ್ದ. ಆ ಹೆಸರಿನ ಭಾರ ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹೈಸ್ಕೂಲಿಗೆ ಬಂದು ಕನ್ನಡದಲ್ಲಿ ಚರಿತ್ರೆ ಓದುವಾಗಲೇ ತಿಳಿದದ್ದು, ಖೈಸರ್ ಎಂಬುದು ಮೊದಲು ಪದವಿಯಾಗಿರಲಿಲ್ಲ, ಒಂದು ಮನೆತನದ ಹೆಸರಾಗಿತ್ತು ಎಂದು. ಜೂಲಿಯಸ್ ಸೀಸರನೇ ಆ ಖೈಸರ್. ಜನರೆದುರು ಕಿರೀಟ ಬೇಡವೆಂದು ತಳ್ಳಿದವನ ಹೆಸರೇ ಕಿರೀಟಕ್ಕೆ ಇನ್ನೊಂದು ಹೆಸರಾಯಿತು. ಜರ್ಮನಿಯಲ್ಲಿ ಕೈಸರ್, ರಷ್ಯಾದಲ್ಲಿ ತ್ಸಾರ್ ಆಗಿ, 1877ರಲ್ಲಿ ವಿಕ್ಟೋರಿಯಾ ರಾಣಿಯ ಜೊತೆ 'ಕೈಸರ್-ಎ-ಹಿಂದ್' ಆಗಿ ನಮ್ಮಲ್ಲಿಗೂ ಬಂತು.

ಅದೇ ಹೈಸ್ಕೂಲಿನ ಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಇರುತ್ತಿತ್ತು. ಮೊದಲ ತ್ರಿಮೂರ್ತಿ ಕೂಟದಲ್ಲಿದ್ದವರು ಯಾರು? ಪಾಂಪೆ, ಕ್ರಾಸಸ್, ಸೀಸರ್. ಎರಡನೆಯದರಲ್ಲಿ? ಆಂಟನಿ, ಲೆಪಿಡಸ್, ಅಕ್ಟೇವಿಯನ್. ಹೆಸರು ಬರೆದರೆ ಅಂಕ. ಆ ಕೂಟಗಳು ಯಾತಕ್ಕಾಗಿ ಕೂಡಿದವು, ಕೂಡಿದಾಗ ಯಾರ ಮನೆ ಮುರಿಯಿತು ಎಂದು ಯಾರೂ ಕೇಳಲಿಲ್ಲ. ನಮ್ಮ ತಲೆಯಲ್ಲಿ ಉಳಿದದ್ದು ಇಷ್ಟು: ದೊಡ್ಡವರು ಒಂದಾಗಿದ್ದಾಗ ರೋಮ್ ಚೆನ್ನಾಗಿತ್ತು, ಅವರು ಜಗಳವಾಡಿದ್ದರಿಂದ ಹಾಳಾಯಿತು. ಇವತ್ತಿಗೂ ಓದಿದವರೆನಿಸಿಕೊಂಡವರು ಈ ಮಾತನ್ನು ತಲೆಯಾಡಿಸಿ ಹೇಳುವುದನ್ನು ಕೇಳಿದ್ದೇನೆ. ಇದು ತಲೆಕೆಳಗಾದ ತಿಳಿವಳಿಕೆ.

ಎರಡು ಕೋಣ ಕಾದಾಡಿದರೆ ಗಿಡಕ್ಕೆ ಸಾವು ಎಂಬ ಹಳೆಯ ಗಾದೆ ಕನ್ನಡದಲ್ಲಿದೆ. ಗಾದೆ ಅಷ್ಟಕ್ಕೇ ನಿಲ್ಲುತ್ತದೆ. ಕಾದಾಟ ನಿಂತು ಎರಡೂ ಕೋಣಗಳು ರಾಜಿಯಾದವು ಎನ್ನಿ. ಆಗ ಗಿಡದ ಗತಿ? ಎರಡೂ ಅಕ್ಕಪಕ್ಕ ನಿಂತು ಅದೇ ಗಿಡವನ್ನು ಮೇಯುತ್ತವೆ. ರೋಮಿನವರಲ್ಲೇ ಇದನ್ನು ಕಂಡು ಹೇಳಿದವರಿದ್ದರು. ಸೀಸರ್ ಮತ್ತು ಪಾಂಪೆಯರ ಜಗಳದಿಂದ ಗಣರಾಜ್ಯ ಉರುಳಿತೆಂದು ಹೇಳುವವರು ತಪ್ಪಿದ್ದಾರೆ, ಅದನ್ನು ಉರುಳಿಸಿದ್ದು ಅವರ ಗೆಳೆತನ ಎಂಬುದು ಕೇಟೊನ ಅಭಿಪ್ರಾಯವಾಗಿತ್ತೆಂದು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಕೇಟೊ ಸೀಸರನ ಕಡುವೈರಿ, ಅವನ ಮಾತು ಬೇಡವೆನ್ನುವವರು ಪೋಲಿಯೊನನ್ನು ಕೇಳಲಿ. ಅವನು ಸೀಸರನ ಕಡೆಗೇ ನಿಂತು ಕಾದಿದವನು. ಮುಂದೆ ಆ ಅಂತರ್ಯುದ್ಧದ ಚರಿತ್ರೆ ಬರೆಯಲು ಕುಳಿತಾಗ ಅವನು ಶುರುಮಾಡಿದ್ದು ಕತ್ತಿ ಹಿರಿದ ಕ್ರಿ.ಪೂ. 49ರಿಂದಲ್ಲ, ಕೈ ಕುಲುಕಿದ ಕ್ರಿ.ಪೂ. 60ರಿಂದ.

ಅಧಿಕಾರ ಹಂಚಿಕೊಳ್ಳುವುದೇ ಕೆಟ್ಟದ್ದು ಎಂದು ನನ್ನ ವಾದವೆಂದು ಯಾರೂ ಭಾವಿಸಬಾರದು. ರೋಮಿನ ಗಣರಾಜ್ಯ ನಿಂತಿದ್ದೇ ಹಂಚಿಕೆಯ ಮೇಲೆ. ಇಬ್ಬರು ಕಾನ್ಸಲರು, ಒಂದೇ ವರ್ಷದ ಅವಧಿ, ಒಬ್ಬ ಮಾಡಿದ್ದನ್ನು ಇನ್ನೊಬ್ಬ ತಡೆಯಬಹುದು. ಇಬ್ಬರೂ ಸೇರಿ ಅನ್ಯಾಯಕ್ಕೆ ಇಳಿದರೆ ಬಡವರ ಪರವಾಗಿ 'ಬೇಡ' ಎನ್ನಲು ಟ್ರಿಬ್ಯೂನರು. ಇದನ್ನು ಯಾವ ಮಹಾಪುರುಷನೂ ಧರ್ಮಕ್ಕೆ ಕೊಟ್ಟದ್ದಲ್ಲ. ಸಾಮಾನ್ಯ ಜನ ಊರು ಬಿಟ್ಟು ಗುಡ್ಡ ಹತ್ತಿ ಕುಳಿತು, ಯುದ್ಧಕ್ಕೆ ಬರುವುದಿಲ್ಲವೆಂದು ಹಟ ಹಿಡಿದು ಗಳಿಸಿದ್ದು ಎಂದು ಪರಂಪರೆ ಹೇಳುತ್ತದೆ. ಇಬ್ಬರು ಕಾನ್ಸಲರಲ್ಲಿ ಒಬ್ಬ ಸಾಮಾನ್ಯ ವರ್ಗದವನಾಗಬಹುದೆಂಬ ಕಾನೂನು ಬಂದದ್ದು ಕ್ರಿ.ಪೂ. 367ರಲ್ಲಿ. ಈ ವ್ಯವಸ್ಥೆಯಲ್ಲಿ ಗುಲಾಮನಿಗೆ ಜಾಗವಿರಲಿಲ್ಲ, ಹೆಂಗಸಿಗೆ ಓಟಿರಲಿಲ್ಲ, ಸೆನೆಟ್ ಎಂಬುದು ಶ್ರೀಮಂತ ಖಾನ್ದಾನುಗಳ ಅಂಗಳವಾಗಿತ್ತು. ಎಲ್ಲವೂ ನಿಜ. ಆದರೂ ಅಲ್ಲಿ ಹಂಚಿಕೆ ಬಯಲಿನಲ್ಲಿ ನಡೆಯುತ್ತಿತ್ತು, 'ಬೇಡ' ಎನ್ನುವ ಬಾಯಿ ಇತ್ತು, ವರ್ಷ ಮುಗಿದ ಮೇಲೆ ಕುರ್ಚಿ ಬಿಟ್ಟು ಕೆಳಗಿಳಿದವನ ಮೇಲೆ ಮೊಕದ್ದಮೆ ಹೂಡಬಹುದಿತ್ತು.

ಕ್ರಿ.ಪೂ. 60ರಲ್ಲಿ ಮೂವರು ಕೈ ಹಿಡಿದದ್ದು ಈ ಬಾಯಿಯನ್ನು ಮುಚ್ಚುವುದಕ್ಕೆ. ಅವರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಕೆಲಸ ಆಗಬೇಕಿತ್ತು. ಪಾಂಪೆ ಪೂರ್ವದ ದೇಶಗಳನ್ನು ಗೆದ್ದು ಬಂದಿದ್ದ. ಸೈನ್ಯವನ್ನು ಕಟ್ಟಿಕೊಂಡು ರೋಮಿನ ಮೇಲೆ ಬರಬಹುದೆಂದು ಎಲ್ಲರೂ ಹೆದರಿದ್ದಾಗ, ಇಟಲಿಯ ದಡ ಮುಟ್ಟಿದೊಡನೆ ಸೈನ್ಯವನ್ನು ಮನೆಗೆ ಕಳಿಸಿದ. ಆ ಸಿಪಾಯಿಗಳಿಗೆ ತುಂಡು ಭೂಮಿ ಕೊಡಿ, ಪೂರ್ವದಲ್ಲಿ ನಾನು ಮಾಡಿಬಂದ ಏರ್ಪಾಡುಗಳಿಗೆ ಒಪ್ಪಿಗೆ ಕೊಡಿ ಎಂದು ಕೇಳಿದ. ಸೆನೆಟ್ ಆಟವಾಡಿಸಿತು. ಕ್ರಾಸಸ್ ರೋಮಿನ ದೊಡ್ಡ ಧನಿಕ. ಬೆಂಕಿ ಬಿದ್ದ ಮನೆಗಳನ್ನೂ ಅವುಗಳ ನೆರೆಮನೆಗಳನ್ನೂ ಉರಿಯುತ್ತಿರುವಾಗಲೇ ಚಿಲ್ಲರೆ ಬೆಲೆಗೆ ಕೊಂಡು ಆಸ್ತಿ ಮಾಡಿದವನೆಂದು ಪ್ಲುಟಾರ್ಕ್ ಹೇಳುತ್ತಾನೆ. ಏಷ್ಯಾ ಪ್ರಾಂತದ ತೆರಿಗೆ ಗುತ್ತಿಗೆ ಹಿಡಿದವರು ದುರಾಸೆಯಿಂದ ಹೆಚ್ಚು ಕೂಗಿ ಈಗ ನಷ್ಟವಾಯಿತೆಂದು ಅಳುತ್ತಿದ್ದರು. ಅವರ ವಕೀಲಿ ಕ್ರಾಸಸನದು. ಸೀಸರನಿಗೆ ಕ್ರಿ.ಪೂ. 59ರ ಕಾನ್ಸಲ್ ಪದವಿ ಬೇಕಿತ್ತು. ಸಾಲದಲ್ಲಿ ಮುಳುಗಿದ್ದ ಅವನಿಗೆ ಜಾಮೀನು ನಿಂತದ್ದು ಕ್ರಾಸಸ್.

ಪಾಂಪೆ ಮತ್ತು ಕ್ರಾಸಸ್ ಒಬ್ಬರ ಮುಖ ಒಬ್ಬರು ನೋಡದ ವೈರಿಗಳು. ಸ್ಪಾರ್ಟಕಸನ ಗುಲಾಮರ ದಂಗೆಯನ್ನು ಕ್ರಾಸಸ್ ಮುರಿದು, ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ 6000 ಗುಲಾಮರನ್ನು ಶಿಲುಬೆಗೆ ಹೊಡೆಸಿದ. ತಪ್ಪಿಸಿಕೊಂಡ ಕೆಲವರನ್ನು ಕೊಂದ ಪಾಂಪೆ, ದಂಗೆಯ ಬೇರು ಕಿತ್ತವನು ತಾನೇ ಎಂದು ಸೆನೆಟ್ಟಿಗೆ ಬರೆದ. ಅಂದಿನಿಂದಲೂ ಹಗೆ. ಇವರಿಬ್ಬರನ್ನು ಸೀಸರ್ ರಾಜಿ ಮಾಡಿಸಿದ. ಮೂವರಲ್ಲಿ ಯಾರೊಬ್ಬರಿಗೆ ಹಿಡಿಸದಿದ್ದರೂ ಆ ಕೆಲಸ ರಾಜ್ಯದಲ್ಲಿ ಆಗಬಾರದು ಎಂಬುದು ಒಪ್ಪಂದದ ತಿರುಳೆಂದು ಸ್ಯೂಟೋನಿಯಸ್ ತಿಳಿಸುತ್ತಾನೆ. ಗಮನಿಸಿ, ಇದು ಟ್ರಿಬ್ಯೂನನ 'ಬೇಡ' ಎಂಬ ಅಧಿಕಾರವೇ. ಊರಿನ ಬಡವನ ಕೈಯಲ್ಲಿದ್ದ ಅಸ್ತ್ರವನ್ನು ಮೂವರು ತಮ್ಮ ಕಿಸೆಗೆ ಹಾಕಿಕೊಂಡರು.

ಇಲ್ಲಿ ಸೆನೆಟ್ಟಿನವರನ್ನು ಸುಮ್ಮನೆ ಬಿಡುವುದು ನ್ಯಾಯವಲ್ಲ. ಪಾಂಪೆಯ ಸಿಪಾಯಿಗಳಿಗೆ ಭೂಮಿ ಕೇಳಿದ್ದರಲ್ಲಿ ಅನ್ಯಾಯವೇನಿತ್ತು? ವರ್ಷಗಟ್ಟಲೆ ಪರದೇಶದಲ್ಲಿ ರಕ್ತ ಸುರಿಸಿದವರು ಅವರು. ಲುಕುಲ್ಲಸ್ ತನ್ನ ಹಳೆಯ ಸೇಡಿಗಾಗಿ ಅಡ್ಡ ನಿಂತ. ಕೇಟೊ ತತ್ವದ ಹೆಸರಿನಲ್ಲಿ ಅಡ್ಡ ನಿಂತ, ಸೂರ್ಯ ಮುಳುಗುವವರೆಗೆ ಭಾಷಣ ಎಳೆದು ಕಲಾಪ ಕೆಡಿಸುವುದು ಅವನ ನಿತ್ಯದ ವರಸೆ. ಮೂವರನ್ನೂ ಬೇರೆ ಬೇರೆಯಾಗಿ ಅವಮಾನಿಸಿ ಒಂದೇ ಬಾಗಿಲಿಗೆ ತಂದು ನಿಲ್ಲಿಸಿದ್ದು ಈ ಗೌರವಾನ್ವಿತರ ಹಟ. ಸೀಸರ್ ಕಾನ್ಸಲ್ ಆಗಿ ತಂದ ಭೂಮಿಯ ಕಾನೂನು ಒಳ್ಳೆಯದೇ ಆಗಿತ್ತು. ಕಾಂಪಾನಿಯಾದಲ್ಲಿ ಮೂರು ಅಥವಾ ಹೆಚ್ಚು ಮಕ್ಕಳಿದ್ದ 20,000 ನಾಗರಿಕರಿಗೆ ಭೂಮಿ ಸಿಕ್ಕಿತು. ಇದನ್ನು ಮರೆಮಾಚಿ ಸೀಸರನನ್ನು ಬರೀ ರಾಕ್ಷಸನೆಂದು ಚಿತ್ರಿಸುವವರ ಜೊತೆ ನಾನಿಲ್ಲ.

ಆದರೆ ಆ ಕಾನೂನು ಬಂದ ಬಗೆ ನೋಡಿ. ಸೀಸರನ ಜೊತೆಗಾರ ಕಾನ್ಸಲ್ ಬಿಬುಲಸ್ 'ಬೇಡ' ಎನ್ನಲು ಸಭೆಗೆ ಬಂದ. ಅವನ ತಲೆಯ ಮೇಲೆ ಬುಟ್ಟಿ ಸಗಣಿ ಸುರಿದರು, ಅವನ ಅಧಿಕಾರದ ದಂಡಗಳನ್ನು ಮುರಿದರು, ಅವನ ಜೊತೆಗಿದ್ದ ಟ್ರಿಬ್ಯೂನರಿಗೆ ಗಾಯವಾಯಿತು. ವಿರೋಧಿಗಳು ಕತ್ತಿ ಎತ್ತಿದರೆ ನಾನು ಕತ್ತಿಯ ಜೊತೆ ಗುರಾಣಿಯನ್ನೂ ತರುತ್ತೇನೆಂದು ಪಾಂಪೆ ವೇದಿಕೆಯ ಮೇಲಿಂದಲೇ ಹೇಳಿದ. ಬಿಬುಲಸ್ ಮನೆ ಸೇರಿ ಬಾಗಿಲು ಹಾಕಿಕೊಂಡು, ವರ್ಷ ಮುಗಿಯುವವರೆಗೆ ಶಕುನ ಸರಿಯಿಲ್ಲ ಎಂಬ ಪ್ರಕಟಣೆಗಳನ್ನು ಗೋಡೆಗೆ ಅಂಟಿಸುತ್ತ ಕುಳಿತ. ಜನ ಗುಂಪುಗೂಡಿ ಅವನ್ನು ಓದುತ್ತಿದ್ದರು. ಆ ವರ್ಷದ ಕಾನ್ಸಲರು ಇಬ್ಬರು, ಒಬ್ಬ ಜೂಲಿಯಸ್, ಇನ್ನೊಬ್ಬ ಸೀಸರ್ ಎಂದು ನಗೆಯಾಡಿದರು. ವಿದ್ವಾಂಸ ವಾರೊ ಈ ಕೂಟವನ್ನು ಮೂರು ತಲೆಯ ಪ್ರಾಣಿ ಎಂದು ಹಾಸ್ಯ ಬರೆದ. ಮೊದಲ ತ್ರಿಮೂರ್ತಿ ಕೂಟ ಎಂಬ ಗೌರವದ ಹೆಸರು ಬಹಳ ಈಚಿನವರು ಇಟ್ಟದ್ದು, ಆಗ ಅದು ಮೂವರ ಖಾಸಗಿ ವ್ಯವಹಾರ, ಅಷ್ಟೇ. ತೆರಿಗೆ ಗುತ್ತಿಗೆದಾರರಿಗೆ ಮೂರನೇ ಒಂದು ಪಾಲು ಮಾಫಿಯಾಯಿತು. ಪಾಂಪೆಯ ಏರ್ಪಾಡುಗಳಿಗೆ ಮುದ್ರೆ ಬಿತ್ತು. ಸೀಸರನಿಗೆ ಗಾಲ್ ಸಿಕ್ಕಿತು. ಅವನ ಮಗಳು ಜೂಲಿಯಾಳನ್ನು, ಬೇರೆಯವನಿಗೆ ಗೊತ್ತಾಗಿದ್ದ ನಿಶ್ಚಿತಾರ್ಥ ಮುರಿದು, ತಂದೆಗಿಂತ ಹಿರಿಯನಾದ ಪಾಂಪೆಗೆ ಮದುವೆ ಮಾಡಿಕೊಟ್ಟರು.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕೂಟದಲ್ಲಿ ಬಿರುಕು ಕಂಡಿತು. ಕ್ರಿ.ಪೂ. 56ರ ವಸಂತದಲ್ಲಿ ಲೂಕಾ ಎಂಬ ಊರಿನಲ್ಲಿ ಮತ್ತೆ ಮಾತುಕತೆ. ಸೀಸರನ ಬಾಗಿಲಲ್ಲಿ ಇನ್ನೂರಕ್ಕೂ ಹೆಚ್ಚು ಸೆನೆಟರುಗಳು ಸೇರಿದ್ದರಂತೆ, ಅಧಿಕಾರಿಗಳ ದಂಡಧಾರಿಗಳನ್ನು ಎಣಿಸಿದರೆ 120. ಕಾಯ್ದೆ ಮಾಡಬೇಕಾದವರೇ ಕಾಯ್ದೆಗೆ ಹೊರಗಾದ ಮನೆಯ ಅಂಗಳದಲ್ಲಿ ಸಾಲು ನಿಂತರು. ತೀರ್ಮಾನ ಇಷ್ಟು: ಮುಂದಿನ ಕಾನ್ಸಲರು ಪಾಂಪೆ, ಕ್ರಾಸಸ್. ಆಮೇಲೆ ಪಾಂಪೆಗೆ ಸ್ಪೇನ್, ಕ್ರಾಸಸನಿಗೆ ಸಿರಿಯಾ. ಸೀಸರನಿಗೆ ಗಾಲ್ ಇನ್ನೈದು ವರ್ಷ. ಉರ್ದುವಿನಲ್ಲಿ ಇದಕ್ಕೆ 'ಬಂದರ್ ಬಾಂಟ್' ಎನ್ನುತ್ತೇವೆ, ಬೆಕ್ಕುಗಳ ಬೆಣ್ಣೆಯನ್ನು ಕೋತಿ ತೂಗಿ ತೂಗಿ ತಾನೇ ತಿಂದು ಮುಗಿಸಿದ ಕಥೆ. ಚುನಾವಣೆಯನ್ನು ಮುಂದೂಡಿಸಿ ಮುಂದೂಡಿಸಿ, ಸೀಸರನ ಸೈನ್ಯದಿಂದ ರಜೆಯ ಮೇಲೆ ಸಿಪಾಯಿಗಳನ್ನು ಕರೆಸಿ ಓಟು ಹಾಕಿಸಿದರು. ಎದುರು ನಿಂತವನು ಡೊಮಿಷಿಯಸ್ ಒಬ್ಬನೇ. ಅವನು ನಸುಕಿನಲ್ಲಿ ಚುನಾವಣೆಯ ಬಯಲಿಗೆ ಹೋಗುವಾಗ ಮುಂದೆ ಪಂಜು ಹಿಡಿದು ನಡೆಯುತ್ತಿದ್ದ ಆಳನ್ನು ಕೊಂದರು. ಆ ಆಳಿನ ಹೆಸರು ಯಾರೂ ಬರೆದಿಡಲಿಲ್ಲ.

ಬರೆಯುವವನಾಗಿ ನನ್ನನ್ನು ಹೆಚ್ಚು ಕಾಡುವುದು ಸಿಸೆರೊನ ಗತಿ. ಆ ಕಾಲದ ದೊಡ್ಡ ಮಾತುಗಾರ. ಮೊದಲೇ ಕೂಟಕ್ಕೆ ಕರೆದಿದ್ದರು, ಹೋಗಲಿಲ್ಲ. ಅದಕ್ಕೆ ತೆತ್ತ ಬೆಲೆ ಕ್ರಿ.ಪೂ. 58ರ ಗಡಿಪಾರು, ಮನೆಯೂ ನೆಲಸಮ. ಮರಳಿ ಬಂದ ಮೇಲೆ ಸೀಸರನ ಕಾಂಪಾನಿಯಾ ಭೂಮಿಯ ವಿಷಯವನ್ನು ಸೆನೆಟ್ಟಿನಲ್ಲಿ ಎತ್ತುವ ಯೋಚನೆಯಲ್ಲಿದ್ದ. ಲೂಕಾದ ನಂತರ ಅವನಿಗೆ ಸಂದೇಶ ತಲುಪಿತು, ಬಾಯಿ ಮುಚ್ಚಿದ. ಮುಚ್ಚಿದ್ದು ಸಾಲದೆಂದು ತೆರೆಯಿಸಿದರು. ಗಾಲ್ ಪ್ರಾಂತವನ್ನು ಸೀಸರನ ಕೈಯಲ್ಲೇ ಬಿಡಬೇಕೆಂದು ಅದೇ ವರ್ಷ ಅವನೇ ಎದ್ದು ನಿಂತು ಭಾಷಣ ಮಾಡಿದ. ಕ್ರಿ.ಪೂ. 54ರಲ್ಲಿ, ತಾನು ಹಿಂದೆ ಬಹಿರಂಗವಾಗಿ ಉಗಿದಿದ್ದ ವ್ಯಾಟಿನಿಯಸನ ಪರವಾಗಿ ಕೋರ್ಟಿನಲ್ಲಿ ವಾದ ಮಾಡಿದ. ಗೆಳೆಯನಿಗೆ ಬರೆದ ಕಾಗದಗಳಲ್ಲಿ ತನ್ನ ನಾಚಿಕೆಯನ್ನು ತೋಡಿಕೊಂಡಿದ್ದಾನೆ. ದೊಡ್ಡವರಿಬ್ಬರು ಜಗಳವಾಡುತ್ತಿದ್ದಾಗ ಮಾತುಗಾರನಿಗೆ ಒಬ್ಬರ ಬೆನ್ನ ಹಿಂದೆಯಾದರೂ ನಿಂತು ಇನ್ನೊಬ್ಬರನ್ನು ಟೀಕಿಸುವ ಸಂದು ಇರುತ್ತದೆ. ಎಲ್ಲರೂ ಒಂದಾದ ದಿನ ಆ ಸಂದೂ ಮುಚ್ಚುತ್ತದೆ. ಅವನನ್ನು ಹೇಡಿ ಎನ್ನುವುದು ಸುಲಭ. ಗಡಿಪಾರಾಗಿ ಬಂದವನ ಎರಡನೆಯ ಭಯ ಏನೆಂಬುದು ಹಾಗೆನ್ನುವವರಿಗೆ ಗೊತ್ತಿರಲಾರದು.

ಕೂಟದ ಉಳಿದ ಕಥೆ ಬೇಗ ಮುಗಿಯುತ್ತದೆ. ಕ್ರಿ.ಪೂ. 54ರಲ್ಲಿ ಜೂಲಿಯಾ ಹೆರಿಗೆಯಲ್ಲಿ ಸತ್ತಳು. ಮರುವರ್ಷ ಕ್ರಾಸಸ್, ತನ್ನ ಪಾಲಿನ ಸಿರಿಯಾದಿಂದ ಇನ್ನಷ್ಟು ಗೆಲ್ಲಲು ಹೋಗಿ ಪಾರ್ಥಿಯನರ ಬಿಲ್ಲುಗಾರರ ಕೈಗೆ ಸಿಕ್ಕು ಕಾರ್ಹೆಯಲ್ಲಿ ಸತ್ತ. ಆ ಕಾರ್ಹೆ ಎಂದರೆ ಹರ್ರಾನ್, ಇಬ್ರಾಹೀಮರ ಪಯಣದ ಕಥೆಗಳಲ್ಲಿ ಬರುವ ಅದೇ ಊರು, ಈಗ ತುರ್ಕಿಯಲ್ಲಿದೆ. ಪ್ಲುಟಾರ್ಕನ ಲೆಕ್ಕದಲ್ಲಿ ಅಲ್ಲಿ ಸತ್ತವರು 20,000, ಸೆರೆಸಿಕ್ಕವರು 10,000. ಒಬ್ಬ ಧನಿಕನಿಗೆ ಉಳಿದಿಬ್ಬರಂತೆ ತನಗೂ ಒಂದು ಯುದ್ಧದ ಗೆಲುವು ಬೇಕೆನಿಸಿತ್ತು, ಅದಕ್ಕೆ ಈ ಲೆಕ್ಕ. ಗಾಲಿನಲ್ಲಿ ಸೀಸರ್ ಕೊಂದವರು ಹತ್ತು ಲಕ್ಷ, ಸೆರೆ ಹಿಡಿದವರು ಹತ್ತು ಲಕ್ಷ ಎಂಬ ಅದೇ ಪ್ಲುಟಾರ್ಕನ ಅಂಕಿಯನ್ನು ಅರ್ಧಕ್ಕೆ, ಕಾಲಿಗೆ ಇಳಿಸಿದರೂ ಮೈ ನಡುಗುತ್ತದೆ. ಆಮೇಲೆ ಇಬ್ಬರೇ ಉಳಿದರು. ಕ್ರಿ.ಪೂ. 49ರಲ್ಲಿ ಯುದ್ಧ. ಮರುವರ್ಷ ಸೋತು ಓಡಿದ ಪಾಂಪೆಯನ್ನು ಈಜಿಪ್ಟಿನ ದಡದಲ್ಲಿ ಇರಿದರು. ಕ್ರಿ.ಪೂ. 44ರ ಮಾರ್ಚ್ 15ರಂದು ಸೀಸರನನ್ನು ಇರಿದರು.

ನಮ್ಮ ಕಾಲೇಜುಗಳ ಭಾಷಣ ಸ್ಪರ್ಧೆಗಳಲ್ಲಿ ಇಲ್ಲಿಗೆ ಆಂಟನಿ ಬರುತ್ತಾನೆ. ಸೀಸರನ ಹೆಣದ ಮುಂದೆ ಅವನಾಡಿದ ಮಾತನ್ನು ಶೇಕ್ಸ್‌ಪಿಯರ್ ಬರೆದಂತೆ ಬಾಯಿಪಾಠ ಮಾಡಿ ಬಹುಮಾನ ಗೆದ್ದವರು ಎಷ್ಟೋ ಜನ. ಅದೇ ನಾಟಕದ ಮುಂದಿನ ಅಂಕದ ಮೊದಲ ದೃಶ್ಯವನ್ನು ಯಾವ ಸ್ಪರ್ಧೆಯಲ್ಲೂ ಯಾರೂ ಒಪ್ಪಿಸಿದ್ದು ನಾನು ಕಾಣೆ. ಮೇಜಿನ ಸುತ್ತ ಮೂವರು ಕೂತು, ಸಾಯಬೇಕಾದವರ ಹೆಸರಿಗೆ ಚುಕ್ಕೆ ಹಾಕುತ್ತಾರೆ. ಹೆಣದ ಮುಂದೆ ಕಣ್ಣೀರು ತರಿಸಿದ ಆಂಟನಿಯೇ ಅಲ್ಲಿ ಸೀಸರನ ಉಯಿಲಿನಲ್ಲಿ ಜನರಿಗೆ ಬರಬೇಕಾದ ಹಣದಲ್ಲಿ ಎಷ್ಟು ಕಡಿತ ಮಾಡಬಹುದೆಂದು ಲೆಕ್ಕ ಹಾಕಲು ಹೊರಡುತ್ತಾನೆ. ನಾಟಕಕಾರ ಅದನ್ನು ಸುಮ್ಮನೆ ಕಲ್ಪಿಸಿ ಬರೆದದ್ದಲ್ಲ.

ಅದು ನಡೆದದ್ದು ಕ್ರಿ.ಪೂ. 43ರಲ್ಲಿ, ಈಗಿನ ಬೊಲೊನ್ಯಾ ಊರಿನ ಬಳಿ ಹೊಳೆಯ ನಡುವಿನ ಒಂದು ನಡುಗಡ್ಡೆಯಲ್ಲಿ. ಆ ವರ್ಷದ ಆರಂಭದಲ್ಲಿ ಆಂಟನಿ ಮತ್ತು ಅಕ್ಟೇವಿಯನ್ ಎದುರುಬದುರು ನಿಂತು ಯುದ್ಧ ಮಾಡಿದ್ದರು. ಅಕ್ಟೇವಿಯನ್ ಸೀಸರನ ದತ್ತುಮಗ, ಇಪ್ಪತ್ತರ ಹುಡುಗ. ಅವನನ್ನು ಆಂಟನಿಯ ಮೇಲೆ ಎತ್ತಿಕಟ್ಟಿದ್ದು ಸಿಸೆರೊನೇ. ಹುಡುಗನನ್ನು ಹೊಗಳಿ, ಮೆರೆಸಿ, ಆಮೇಲೆ ಬದಿಗೆ ಸರಿಸಬೇಕು ಎಂದು ಸಿಸೆರೊ ಚಮತ್ಕಾರದಲ್ಲಿ ಆಡಿದನೆನ್ನಲಾದ ಮಾತು ಹುಡುಗನ ಕಿವಿಗೂ ಬಿದ್ದಿತ್ತು. ನಡುಗಡ್ಡೆಗೆ ಮೊದಲು ಲೆಪಿಡಸ್ ದಾಟಿ, ಅಪಾಯವಿಲ್ಲವೆಂದು ಮೇಲುಹೊದಿಕೆ ಬೀಸಿ ಸನ್ನೆ ಮಾಡಿದ. ಬಟ್ಟೆಯೊಳಗೆ ಚೂರಿ ಇದೆಯೇ ಎಂದು ಒಬ್ಬರನ್ನೊಬ್ಬರು ತಡಕಿ ನೋಡಿಕೊಂಡರಂತೆ. ಇಷ್ಟು ನಂಬಿಕೆಯ ಮೇಲೆ ಎದ್ದ ಸ್ನೇಹ ಅದು.

ಎರಡು ಮೂರು ದಿನ ಮಾತು ನಡೆಯಿತು. ಪ್ರಾಂತಗಳ ಹಂಚಿಕೆ ಬೇಗ ಮುಗಿದಿರಬೇಕು, ಎಳೆದಾಡಿದ್ದು ಹೆಸರುಗಳ ಪಟ್ಟಿಯ ಮೇಲೆ. ಒಬ್ಬನ ವೈರಿ ಇನ್ನೊಬ್ಬನ ಬಂಧುವಾಗಿದ್ದ. ಹಾಗಾಗಿ ವಿನಿಮಯ. ಆಂಟನಿ ತನ್ನ ಸೋದರಮಾವನನ್ನು ಕೊಟ್ಟ. ಲೆಪಿಡಸ್ ತನ್ನ ಅಣ್ಣನನ್ನೇ ಕೊಟ್ಟ. ಅಕ್ಟೇವಿಯನ್ ಸಿಸೆರೊನನ್ನು ಕೊಟ್ಟ, ಎರಡು ದಿನ ತಡೆದು ಮೂರನೆಯ ದಿನ ಒಪ್ಪಿಕೊಂಡನೆಂದು ಪ್ಲುಟಾರ್ಕ್ ಹೇಳುತ್ತಾನೆ. ಮಾವನೂ ಅಣ್ಣನೂ ಹೇಗೋ ಬದುಕಿಕೊಂಡರು. ಸಿಸೆರೊನಿಗೆ ಅಂಥ ನೆಂಟಸ್ತಿಕೆ ಇರಲಿಲ್ಲ. ಡಿಸೆಂಬರ್ 7ರಂದು ಪಲ್ಲಕ್ಕಿಯಲ್ಲಿ ಸಮುದ್ರದ ಕಡೆ ಹೊರಟಿದ್ದವನನ್ನು ತಡೆದು ಕುತ್ತಿಗೆ ಕಡಿದರು. ಅವನು ನಿಂತು ಮಾತಾಡುತ್ತಿದ್ದ ವೇದಿಕೆಯ ಮೇಲೇ ಅವನ ತಲೆಯನ್ನೂ ಬರೆದ ಕೈಯನ್ನೂ ತೂಗುಹಾಕಿದರು.

ನಡುಗಡ್ಡೆಯ ಒಪ್ಪಂದವನ್ನು ಕಾಗದಕ್ಕೆ ಇಳಿಸಿ ಅಕ್ಟೇವಿಯನ್ ಸಿಪಾಯಿಗಳ ಮುಂದೆ ಓದಿ ಹೇಳಿದ. ಕೊಲ್ಲಬೇಕಾದವರ ಪಟ್ಟಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಓದಿದ ಎಂದು ಅಪ್ಪಿಯನ್ ಬರೆಯುತ್ತಾನೆ. ಸಿಪಾಯಿಗಳು ಕೇಕೆ ಹಾಕಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾಕೆ ತಬ್ಬಿಕೊಳ್ಳಬಾರದು? ಇಟಲಿಯ ಹದಿನೆಂಟು ಊರುಗಳ ಭೂಮಿ, ಮನೆಗಳ ಸಮೇತ, ಅವರಿಗೆ ಹಂಚಿಕೆಯಾಗುವುದಿತ್ತು. ಆ ಊರುಗಳಲ್ಲಿ ಉಳುತ್ತಿದ್ದವರನ್ನು ಯಾರು ಕೇಳಿದರು?

ಇದು ಖಾಸಗಿ ಒಪ್ಪಂದವಲ್ಲ, ಕಾನೂನುಬದ್ಧ ಕೂಟ ಎಂದು ಕೆಲವರು ವಾದಿಸುತ್ತಾರೆ. ಹೌದು, ನವೆಂಬರ್ 27ರಂದು ಟಿಟಿಯಸ್ ಎಂಬ ಟ್ರಿಬ್ಯೂನ್ ಕಾನೂನು ತಂದ. ಮೂವರಿಗೂ ಐದು ವರ್ಷ ಸರ್ವಾಧಿಕಾರ, ಬಿರುದು 'ಗಣರಾಜ್ಯವನ್ನು ಸರಿಪಡಿಸುವ ಮೂವರು'. ಊರಿನ ತುಂಬ ಸಿಪಾಯಿಗಳು. ಚರ್ಚೆಗೆ ಬಿಡಬೇಕಾದ ದಿನಗಳನ್ನೂ ಬಿಡದೆ ಮತಕ್ಕೆ ಹಾಕಿದರು. ಬಡವನ ಪರವಾಗಿ 'ಬೇಡ' ಎನ್ನಲು ಹುಟ್ಟಿದ ಸ್ಥಾನದಿಂದಲೇ ಈ 'ಬೇಕು' ಹೊರಟಿತು. ಇಂಥ ದಸ್ತಖತ್ತಿಗೆ ಕಾನೂನೆಂದು ಹೆಸರಿಡುವವರ ಜೊತೆ ನನಗೆ ವಾದವಿಲ್ಲ.

ಪಟ್ಟಿ ಗೋಡೆಗೇರಿತು. ಅಪ್ಪಿಯನ್ ಕೊಡುವ ಸಂಖ್ಯೆ ಸುಮಾರು 300 ಸೆನೆಟರುಗಳು, 2000 ಶ್ರೀಮಂತ ನಾಗರಿಕರು. ತಲೆ ತಂದವನಿಗೆ 25,000 ದ್ರಾಕ್ಮ. ತಂದವನು ಗುಲಾಮನಾದರೆ 10,000 ಮತ್ತು ಬಿಡುಗಡೆ. ಹಣ ಪಡೆದವರ ಹೆಸರು ದಾಖಲೆಗೆ ಬರುವುದಿಲ್ಲ, ಹೆದರಬೇಡಿ ಎಂಬ ಭರವಸೆಯೂ ಆ ಪ್ರಕಟಣೆಯಲ್ಲಿತ್ತು. ಸೀಸರ್ ವೈರಿಗಳಿಗೆ ಕರುಣೆ ತೋರಿ ಸತ್ತ, ನಾವು ಆ ತಪ್ಪು ಮಾಡುವುದಿಲ್ಲ ಎಂಬುದು ಅವರ ನೆಪ. ನಿಜವಾದ ಕಾರಣಗಳಲ್ಲಿ ಒಂದು ಹಣ. ಬ್ರೂಟಸ್, ಕ್ಯಾಸಿಯಸರ ಮೇಲೆ ದಂಡೆತ್ತಿ ಹೋಗಲು ಬೊಕ್ಕಸ ಬರಿದಾಗಿತ್ತು. ಪಟ್ಟಿಗೆ ಸೇರಿದವನ ಆಸ್ತಿ ಜಪ್ತಿ. ಒಳ್ಳೆಯ ತೋಟವಿದ್ದದ್ದೇ ಸಾವಿಗೆ ಕಾರಣವಾಯಿತು ಎಂಬಂಥ ಮಾತುಗಳು ಆ ಕಾಲದಿಂದ ಬಂದಿವೆ.

ಜಪ್ತಿಯ ಹಣವೂ ಸಾಲದೆ ಬಂದಾಗ 1400 ಶ್ರೀಮಂತ ಹೆಂಗಸರ ಮೇಲೆ ತೆರಿಗೆ ಹೇರಿದರು. ಇದು ಕ್ರಿ.ಪೂ. 42. ಅವರು ಮೊದಲು ಮೂವರ ಮನೆಯ ಹೆಂಗಸರ ಬಳಿ ಹೋದರು. ಅಕ್ಟೇವಿಯನನ ಅಕ್ಕ, ಆಂಟನಿಯ ತಾಯಿ ಮರ್ಯಾದೆಯಿಂದ ಮಾತಾಡಿಸಿದರು, ಆಂಟನಿಯ ಹೆಂಡತಿ ಫುಲ್ವಿಯಾ ಬಾಗಿಲಿಂದಲೇ ಅಟ್ಟಿದಳು. ಆಗ ಅವರು ನೇರ ಮೂವರ ಪೀಠದ ಮುಂದೆ ಬಂದರು. ಹೊರ್ಟೆನ್ಸಿಯಾ ಎಂಬಾಕೆ ಮಾತಾಡಿದಳು. ಪದವಿಯಲ್ಲಿ, ಸೈನ್ಯದಲ್ಲಿ, ನೀವು ಕಚ್ಚಾಡುತ್ತಿರುವ ಈ ರಾಜ್ಯದಲ್ಲಿ ನಮಗೆ ಪಾಲಿಲ್ಲದ ಮೇಲೆ ತೆರಿಗೆಯಲ್ಲಿ ಮಾತ್ರ ಯಾಕೆ ಪಾಲು? ಪರದೇಶದವರು ದಂಡೆತ್ತಿ ಬಂದರೆ ಮೈಮೇಲಿನ ಒಡವೆ ಕೊಟ್ಟೇವು, ನಿಮ್ಮ ನಿಮ್ಮಲ್ಲಿನ ಯುದ್ಧಕ್ಕೆ ಕೊಡುವುದಿಲ್ಲ. ಇದು ಅವಳ ಮಾತಿನ ಸಾರ. ಗಂಡಸರು ಬಾಯಿ ಹೊಲಿದುಕೊಂಡಿದ್ದ ಊರದು, ಸಿಸೆರೊನ ತಲೆ ಅಲ್ಲೇ ಹತ್ತಿರ ನೇತಾಡಿ ಹೆಚ್ಚು ದಿನವಾಗಿರಲಿಲ್ಲ. ಮೂವರೂ ಸಿಟ್ಟಾಗಿ ದಂಡಧಾರಿಗಳಿಂದ ಅವರನ್ನು ಅಟ್ಟಿಸಲು ನೋಡಿದರು. ಹೊರಗೆ ನಿಂತ ಜನ ಕೂಗೆಬ್ಬಿಸಿದರು, ದಂಡಧಾರಿಗಳು ಅಂಜಿ ನಿಂತರು. ಮರುದಿನ ಪಟ್ಟಿ 1400ರಿಂದ 400ಕ್ಕೆ ಇಳಿಯಿತು. ತ್ರಿಮೂರ್ತಿಗಳ ಹೆಸರು ಬಾಯಿಪಾಠ ಮಾಡಿಸಿದ ನಮ್ಮ ಪಾಠದಲ್ಲಿ ಹೊರ್ಟೆನ್ಸಿಯಾಳಿಗೆ ಅರ್ಧ ಸಾಲೂ ಸಿಗಲಿಲ್ಲ.

ಬ್ರೂಟಸ್, ಕ್ಯಾಸಿಯಸರು ಕ್ರಿ.ಪೂ. 42ರಲ್ಲೇ ಫಿಲಿಪ್ಪಿಯಲ್ಲಿ ಸೋತು ಸತ್ತರು. ಆಮೇಲೆ ಕೂಟದ ಕೆಲಸ ಪರಸ್ಪರ ಕಾಯುವುದು. ಕ್ರಿ.ಪೂ. 40ರಲ್ಲಿ ಬ್ರಂಡೂಸಿಯಮ್ ಬಂದರಿನಲ್ಲಿ ಮತ್ತೆ ಯುದ್ಧಕ್ಕೆ ನಿಂತಾಗ ಸಿಪಾಯಿಗಳೇ ಬಲವಂತದಿಂದ ರಾಜಿ ಮಾಡಿಸಿದರು. ಅಷ್ಟರಲ್ಲಿ ಫುಲ್ವಿಯಾ ಸತ್ತಿದ್ದಳು, ಅಕ್ಟೇವಿಯಾಳನ್ನು ಆಂಟನಿಗೆ ಮದುವೆ ಮಾಡಿದರು. ಮತ್ತೆ ಒಬ್ಬ ಹೆಣ್ಣುಮಗಳು ಒಪ್ಪಂದದ ಅಂಟು. ಸೌಹಾರ್ದ ದೇವತೆಯ ಮುಖ, ಹಿಂಬದಿಗೆ ಕುಲುಕುತ್ತಿರುವ ಎರಡು ಕೈ ಇರುವ ಬೆಳ್ಳಿ ನಾಣ್ಯಗಳನ್ನು ಹೊಡೆಸಿದರು. ಮರುವರ್ಷ ಸಿಸಿಲಿಯನ್ನು ಹಿಡಿದು ಕೂತಿದ್ದ ಪಾಂಪೆಯ ಮಗ ಸೆಕ್ಸ್‌ಟಸನ ಜೊತೆಯೂ ಒಪ್ಪಂದ, ಹಡಗಿನಲ್ಲಿ ಔತಣ. ಹಗ್ಗ ಕಡಿದುಬಿಡಲೇ, ಇಡೀ ರೋಮ್ ನಿನ್ನದಾಗುತ್ತದೆ ಎಂದು ಅವನ ನಾವಿಕ ಮೇನಸ್ ಕಿವಿಯಲ್ಲಿ ಕೇಳಿದ. ನನ್ನನ್ನು ಕೇಳದೆ ಮಾಡಬೇಕಿತ್ತು, ಈಗ ಮಾತು ಕೊಟ್ಟಾಗಿದೆ ಎಂದನಂತೆ ಸೆಕ್ಸ್‌ಟಸ್. ಆ ಒಪ್ಪಂದದಲ್ಲಿ, ಪಟ್ಟಿಯಲ್ಲಿದ್ದು ಓಡಿಹೋಗಿ ಬದುಕಿಕೊಂಡವರಿಗೆ ಮರಳಿ ಬರಲು ಅನುಮತಿ ಸಿಕ್ಕಿತು, ಆಸ್ತಿಯ ಕಾಲುಪಾಲಿನೊಂದಿಗೆ. ಉಳಿದ ಮುಕ್ಕಾಲು ಯಾರ ಬಳಿ ಉಳಿಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಪೂ. 36ರಲ್ಲಿ ಸೆಕ್ಸ್‌ಟಸನನ್ನು ಸೋಲಿಸಿದರು. ಅದೇ ವರ್ಷ ಲೆಪಿಡಸನ ಸೈನ್ಯವನ್ನು ಒಡೆದು ಅವನನ್ನು ಮನೆಗೆ ಕೂರಿಸಿದರು, ಪ್ರಧಾನ ಪೂಜಾರಿಯ ಹುದ್ದೆಯೊಂದು ಉಳಿಯಿತು. ಕ್ರಿ.ಪೂ. 31ರಲ್ಲಿ ಆಕ್ಟಿಯಮ್ಮಿನ ಸಮುದ್ರದಲ್ಲಿ ಆಂಟನಿ ಸೋತ. ಕ್ರಿ.ಪೂ. 27ರಲ್ಲಿ ಅಕ್ಟೇವಿಯನ್ 'ಆಗಸ್ಟಸ್' ಆದ.

ಕೊನೆಗೆ ಶಾಂತಿ ಬಂತಲ್ಲ, ನಲವತ್ತು ವರ್ಷ ರೋಮ್ ನೆಮ್ಮದಿಯಾಗಿತ್ತಲ್ಲ ಎನ್ನುವವರಿದ್ದಾರೆ. ಬಂತು. ಆದರೆ ಆ ಶಾಂತಿಗೆ ಮೊದಲು ಶಾಂತಿಯನ್ನು ಕೆಡಿಸಿದವರು ಯಾರು? ಮನೆಗೆ ಬೆಂಕಿ ಬಿದ್ದಾಗಲೇ ಅದನ್ನು ಚಿಲ್ಲರೆ ಬೆಲೆಗೆ ಕೊಂಡ ಕ್ರಾಸಸನಿಗೆ ಉಪಕಾರಿ ಎನ್ನುವಿರಾ? ಇನ್ನು ಕೆಲವರು ಇದನ್ನು ಈ ಕಾಲದ ಸಮ್ಮಿಶ್ರ ಸರಕಾರಗಳಿಗೆ ಹೋಲಿಸುತ್ತಾರೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ. ಸದನದಲ್ಲಿ ಕೈ ಎತ್ತಿಸಿ ಬೀಳಿಸಬಹುದಾದ ಕೂಟ ಬೇರೆ, ಐದು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಬೇಕಾದ ಕೂಟ ಬೇರೆ. ನಡುಗಡ್ಡೆಯಲ್ಲಿ ಕುಳಿತವರನ್ನು ಬೀಳಿಸುವ ದಾರಿ ಯಾರ ಕೈಯಲ್ಲೂ ಇರಲಿಲ್ಲ, ಅವರವರ ಕೈಯಲ್ಲಿ ಹೊರತು. ಯಾವುದೇ ರಾಜಿಯ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ: ಓದಿ ಹೇಳದ ಪಟ್ಟಿ ಎಲ್ಲಿದೆ, ಅದರಲ್ಲಿ ಯಾರಿದ್ದಾರೆ?

ಆಗಸ್ಟಸ್ ಸಾಯುವ ಮೊದಲು ತನ್ನ ಸಾಧನೆಗಳನ್ನು ತಾನೇ ಬರೆದಿಟ್ಟ. ರೋಮಿನಲ್ಲಿ ಅವನ ಸಮಾಧಿಯ ಮುಂದಿದ್ದ ಕಂಚಿನ ಮೂಲ ಕಳೆದುಹೋಗಿದೆ. ಹೆಚ್ಚು ಪೂರ್ಣವಾಗಿ ಉಳಿದಿರುವ ಪ್ರತಿ ಇರುವುದು ತುರ್ಕಿಯ ಅಂಕಾರಾದಲ್ಲಿ, 15ನೇ ಶತಮಾನದ ಹಾಜಿ ಬೈರಾಮ್ ಮಸೀದಿಗೆ ತಾಗಿಕೊಂಡೇ ನಿಂತಿರುವ ಹಳೆಯ ದೇಗುಲದ ಗೋಡೆಗಳ ಮೇಲೆ. ನಮಾಜಿಗೆ ಬರುವವರು ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಹತ್ತು ವರ್ಷ ಮೂವರಲ್ಲಿ ಒಬ್ಬನಾಗಿದ್ದೆ ಎಂದು ಅದರಲ್ಲಿ ಬರೆಸಿದ್ದಾನೆ. ಉಳಿದಿಬ್ಬರ ಹೆಸರಿಲ್ಲ. ಅಕ್ಕನನ್ನು ಮದುವೆ ಮಾಡಿಕೊಟ್ಟಿದ್ದ ಆಂಟನಿ ಅಲ್ಲಿ ಹೆಸರಿಲ್ಲದ 'ಒಂದು ಗುಂಪು'. ಹಡಗಿನಲ್ಲಿ ಜೊತೆಗೆ ಊಟ ಮಾಡಿದ ಸೆಕ್ಸ್‌ಟಸ್ 'ಕಡಲ್ಗಳ್ಳರು'. ಕೊಲೆಪಟ್ಟಿಯ ಸುದ್ದಿಯೇ ಇಲ್ಲ.

ಅದೇ ಕಾಲದ ಇನ್ನೊಂದು ಬರಹ ರೋಮಿನಲ್ಲಿ ಚೂರು ಚೂರಾಗಿ ಸಿಕ್ಕಿದೆ. ನಲವತ್ತೊಂದು ವರ್ಷ ಜೊತೆಗೆ ಬಾಳಿ ತೀರಿಕೊಂಡ ಹೆಂಡತಿಗಾಗಿ ಗಂಡ ಕಲ್ಲಿನಲ್ಲಿ ಕೊರೆಸಿದ ಮಾತುಗಳು. ಅವನು ಪಟ್ಟಿಯಲ್ಲಿದ್ದವನು. ಅವಳು ಅವನನ್ನು ಅಡಗಿಸಿದಳು. ಕೊನೆಗೆ ಅಕ್ಟೇವಿಯನ್ ಕ್ಷಮೆ ಕೊಟ್ಟ. ಆದರೆ ಆಗ ರೋಮಿನಲ್ಲಿ ಅಧಿಕಾರ ನಡೆಸುತ್ತಿದ್ದವನು ಲೆಪಿಡಸ್, ಅವನು ಒಪ್ಪಲಿಲ್ಲ. ಹಂಚಿಕೊಂಡ ಅಧಿಕಾರದಲ್ಲಿ ಒಬ್ಬನ ಕ್ಷಮೆಗೆ ಇನ್ನೊಬ್ಬನ ಮುದ್ರೆ ಬೇಕಿತ್ತು. ಅವಳು ಲೆಪಿಡಸನ ಕಾಲಿಗೆ ಬಿದ್ದಳು. ಅವನು ಎಬ್ಬಿಸಲಿಲ್ಲ, ಗುಲಾಮಳನ್ನು ಎಳೆದಂತೆ ಎಳೆಸಿದ. ಮೈಯೆಲ್ಲ ಬಾಸುಂಡೆ ಎದ್ದ ಆ ಸ್ಥಿತಿಯಲ್ಲೂ ಅವಳು ಅಕ್ಟೇವಿಯನನ ಆಜ್ಞೆಯ ಮಾತುಗಳನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಲೇ ಇದ್ದಳೆಂದು ಗಂಡ ಬರೆಸಿದ್ದಾನೆ. ಅವಳ ಹೆಸರಿದ್ದ ಚೂರು ಸಿಕ್ಕಿಲ್ಲ.